ಬಾಗಿಲು ಮುಚ್ಚಲಾಗದವರ ಸಂಘ

ನನ್ನ ಅಕ್ಕನ ಮಗಳು ಉತ್ತರ ಐರ್ಲೆಂಡಿನ ಒಂದು ಕೇರ್ ಹೋಮಿನಲ್ಲಿ ನರ್ಸ್. ಮಂಗಳೂರಿನಲ್ಲಿ ಓದಿ, ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದು, ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್ ಪರೀಕ್ಷೆ, ಕೊನೆಗೆ ಅಲ್ಲಿಯೇ ಹೋಗಿ ಕೊಡಬೇಕಾದ ಪ್ರಾಯೋಗಿಕ ಪರೀಕ್ಷೆ, ಇಷ್ಟನ್ನೂ ದಾಟಿದವಳು. ರಾತ್ರಿ ಪಾಳಿಯ ನಡುವೆ ಅರ್ಧ ಗಂಟೆ ಬಿಡುವು ಸಿಕ್ಕರೆ ಫೋನ್ ಮಾಡುತ್ತಾಳೆ. ಅಲ್ಲಿ ರಾತ್ರಿ ಮೂರು ಗಂಟೆ, ನಮ್ಮಲ್ಲಿ ಬೆಳಗಿನ ತಿಂಡಿಯ ಹೊತ್ತು. ತೊಂಬತ್ತು ದಾಟಿದ ಅಜ್ಜಿಯೊಬ್ಬರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಇನ್ನೊಬ್ಬರಿಗೆ ನುಂಗಲು ಕಷ್ಟ, ಅವರ ಚಹಾಕ್ಕೂ ಪುಡಿ ಬೆರೆಸಿ ಗಂಜಿಯ ಹದಕ್ಕೆ ತರಬೇಕು. ಮತ್ತೊಬ್ಬರು ರಾತ್ರಿಯೆಲ್ಲ ಸತ್ತುಹೋದ ಗಂಡನನ್ನು ಹುಡುಕುತ್ತ ಕಾರಿಡಾರಿನಲ್ಲಿ ನಡೆಯುತ್ತಾರೆ. ಅವರ ಜೊತೆ ಇವಳೂ ನಡೆಯುತ್ತಾಳೆ.

2025ರ ಫೆಬ್ರುವರಿಯಲ್ಲಿ ಲಂಡನ್ನಿನ ಸಂಸತ್ತಿನ ಎದುರು ಕೇರ್ ಹೋಮ್ ನಡೆಸುವವರು ಸಾವಿರಗಟ್ಟಲೆ ಸೇರಿದ್ದರ ಸುದ್ದಿ ಓದಿ, ‘ನಿಮ್ಮ ಮಾಲೀಕರೂ ಮುಷ್ಕರ ಮಾಡ್ತಾರೇನೇ?’ ಅಂತ ಕೇಳಿದೆ. ‘ಮುಷ್ಕರ ಮಾಡುದು ಹೇಗೆ ಚಿಕ್ಕಮ್ಮ? ಬಾಗಿಲು ಹಾಕಿದ್ರೆ ಈ ಅಜ್ಜಿಯಂದಿರು ಹೋಗುದೆಲ್ಲಿಗೆ? ಇದು ಅವರ ಮನೆ ಅಲ್ವಾ?’ ಅಂದಳು.

ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಖಾಸಗಿ ಆಸ್ಪತ್ರೆಗಳ ಸಂಘ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು 2017ರ ನವೆಂಬರ್. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿಯನ್ನು ವಿರೋಧಿಸಿ ರಾಜ್ಯದ ಉದ್ದಗಲಕ್ಕೂ ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಮುಚ್ಚಿದವು. ರೋಗಿಗಳು ಸರ್ಕಾರಿ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಹೈಕೋರ್ಟು ಮಾತನಾಡಬೇಕಾಯಿತು, ಮುಖ್ಯಮಂತ್ರಿ ಮಾತುಕತೆಗೆ ಕೂರಬೇಕಾಯಿತು. ಮುಚ್ಚಿದ ಬಾಗಿಲಿಗೆ ಅಷ್ಟು ಬಲವಿತ್ತು. ಆ ಬಲವೇ ಇಲ್ಲದ, ಯಾವ ಕಾರಣಕ್ಕೂ ಬಾಗಿಲು ಮುಚ್ಚಲಾಗದ ಸಂಸ್ಥೆಗಳು ಸಂಘ ಕಟ್ಟಿಕೊಂಡರೆ ಅದರ ಕೈಯಲ್ಲಿ ಏನು ಉಳಿಯುತ್ತದೆ? ಬ್ರಿಟನ್ನಿನ ಸ್ವತಂತ್ರ ಆರೈಕೆ ಸಂಸ್ಥೆಗಳ ಸಂಘಗಳು ಈ ಪ್ರಶ್ನೆಯ ಜೊತೆಗೇ ದಶಕಗಳಿಂದ ಬದುಕುತ್ತಿವೆ. ಅವುಗಳಿಗೆ ಸಿಕ್ಕ ಉತ್ತರ ನಮಗೂ ಬೇಕಾಗುವ ಕಾಲ ದೂರವಿಲ್ಲ.

ಒಂದೇ ದಿನ ಜಾರಿಗೆ ಬಂದ ಎರಡು ಕಾನೂನು

ಇದರ ಬೇರು ಇರುವುದು 1948ರ ಜುಲೈ 5ರಲ್ಲಿ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ, ಎಲ್ಲರೂ ಎನ್‌ಎಚ್‌ಎಸ್ ಎನ್ನುವುದು, ಶುರುವಾದದ್ದು ಅಂದು. ಬಡವ ಬಲ್ಲಿದನೆಂಬ ಭೇದವಿಲ್ಲದೆ ಚಿಕಿತ್ಸೆ ಉಚಿತ. ಅದೇ ದಿನ ನ್ಯಾಷನಲ್ ಅಸಿಸ್ಟೆನ್ಸ್ ಕಾಯ್ದೆಯೂ ಜಾರಿಗೆ ಬಂತು. ದಿಕ್ಕಿಲ್ಲದ ಮುದುಕರಿಗೆ, ಅಂಗವಿಕಲರಿಗೆ ಆಸರೆ ಕೊಡುವುದು ಸ್ಥಳೀಯ ಕೌನ್ಸಿಲ್‌ಗಳ ಹೊಣೆ ಎಂದು ಅದು ಹೇಳಿತು. ಕೌನ್ಸಿಲ್ ಎಂದರೆ ನಮ್ಮ ನಗರಸಭೆ, ಜಿಲ್ಲಾ ಪಂಚಾಯಿತಿಗಳಂಥ ಸಂಸ್ಥೆ. ಆದರೆ ಈ ಎರಡನೆಯದು ಉಚಿತವಲ್ಲ. ಆಸ್ತಿಪಾಸ್ತಿ ನೋಡಿ ಹಣ ಕಟ್ಟಿಸಿಕೊಳ್ಳಬೇಕು.

ಒಂದೇ ದಿನ ಎಳೆದ ಆ ಗೆರೆ ಇವತ್ತಿಗೂ ಅಳಿಸಿಲ್ಲ. ಕ್ಯಾನ್ಸರ್ ಬಂದರೆ ಸರ್ಕಾರ ನೋಡಿಕೊಳ್ಳುತ್ತದೆ. ಮರೆವಿನ ಕಾಯಿಲೆ ಬಂದು, ಉಣ್ಣಲು ಉಡಲು ಇನ್ನೊಬ್ಬರ ಕೈ ಬೇಕಾದರೆ ಅದು ‘ಸಾಮಾಜಿಕ ಆರೈಕೆ’. ಇಂಗ್ಲೆಂಡಿನಲ್ಲಿ 23,250 ಪೌಂಡ್‌ಗಿಂತ ಹೆಚ್ಚು ಆಸ್ತಿ ಇದ್ದವರು ಕೇರ್ ಹೋಮಿನ ಪೂರ್ತಿ ಖರ್ಚು ತಾವೇ ಭರಿಸಬೇಕು. ಹೆಂಡತಿಯೋ ಗಂಡನೋ ಇನ್ನೂ ವಾಸವಿರದಿದ್ದರೆ ಸ್ವಂತ ಮನೆಯೂ ಆ ಲೆಕ್ಕಕ್ಕೆ ಸೇರುತ್ತದೆ. 2010ರಿಂದ ಈಚೆಗೆ ಎಲ್ಲದರ ಬೆಲೆ ಏರಿದೆ, ಈ ಮಿತಿ ಮಾತ್ರ ಒಂದು ಪೌಂಡೂ ಏರಿಲ್ಲ. ಇಡೀ ಬದುಕು ಸಾಲ ಕಟ್ಟಿ ಉಳಿಸಿಕೊಂಡ ಮನೆಯನ್ನು ಕೊನೆಗಾಲದ ಆರೈಕೆಗಾಗಿ ಮಾರಬೇಕಾದವರ ಸಂಕಟ ಅಲ್ಲಿನ ಪ್ರತಿ ಚುನಾವಣೆಯಲ್ಲೂ ಮೇಲೆ ಬರುತ್ತದೆ, ಮತ ಎಣಿಕೆ ಮುಗಿದ ಮೇಲೆ ಅಡಗುತ್ತದೆ.

ಮೊದಮೊದಲು ಈ ಆಸರೆಗಳನ್ನು ಕೌನ್ಸಿಲ್‌ಗಳೇ ನಡೆಸುತ್ತಿದ್ದವು. ಹಲವು ಕಡೆ ಹಳೆಯ ದರಿದ್ರಾಲಯಗಳ ಕಟ್ಟಡಗಳೇ ಹೆಸರು ಬದಲಿಸಿಕೊಂಡು ಮುಂದುವರಿದವು. ಸಮಾಜಶಾಸ್ತ್ರಜ್ಞ ಪೀಟರ್ ಟೌನ್‌ಸೆಂಡ್ 1950ರ ದಶಕದ ಕೊನೆಯಲ್ಲಿ ಇಂಥ 173 ಸಂಸ್ಥೆಗಳನ್ನು ಸುತ್ತಿ ಬಂದು, 1962ರಲ್ಲಿ ‘ದಿ ಲಾಸ್ಟ್ ರೆಫ್ಯೂಜ್’ ಎಂಬ ಪುಸ್ತಕ ಬರೆದರು. ಸಾಲು ಮಂಚಗಳ ನಡುವೆ ತಮ್ಮದೆನ್ನುವ ಒಂದು ಮೂಲೆಯೂ ಇಲ್ಲದ ವೃದ್ಧರ ಬದುಕನ್ನು ಆ ಪುಸ್ತಕ ದೇಶದ ಕಣ್ಣೆದುರು ಇಟ್ಟಿತು. ಸರ್ಕಾರ ನಡೆಸಿದ ಮಾತ್ರಕ್ಕೆ ಕರುಣೆ ತಾನಾಗಿ ಬರುವುದಿಲ್ಲ ಎಂಬ ಪಾಠ ಅಂದೇ ಸಿಕ್ಕಿತ್ತು.

1980ರಲ್ಲಿ ಗಾಳಿ ತಿರುಗಿತು. ಖಾಸಗಿ ಹೋಮಿನಲ್ಲಿರುವ ಬಡ ವೃದ್ಧರ ಊಟ ವಸತಿಯ ಖರ್ಚನ್ನು ಸಾಮಾಜಿಕ ಭದ್ರತಾ ನಿಧಿಯಿಂದ ಕೊಡುವ ನಿಯಮ ಸಡಿಲವಾಯಿತು. 1979ರಲ್ಲಿ 1 ಕೋಟಿ ಪೌಂಡ್ ಇದ್ದ ಈ ಖರ್ಚು 1990ರ ಹೊತ್ತಿಗೆ 100 ಕೋಟಿ ದಾಟಿತ್ತು. ಸಮುದ್ರ ತೀರದ ಪಟ್ಟಣಗಳಲ್ಲಿ ಪ್ರವಾಸಿಗರಿಲ್ಲದೆ ಸೊರಗಿದ್ದ ಸಣ್ಣ ವಸತಿಗೃಹಗಳು ಕೇರ್ ಹೋಮ್‌ಗಳಾದವು. ಖರ್ಚಿಗೆ ಕಡಿವಾಣ ಹಾಕಲು ಸರ್ಕಾರ ಸೂಪರ್‌ಮಾರ್ಕೆಟ್ ಆಡಳಿತದಲ್ಲಿ ಪಳಗಿದ ಸರ್ ರಾಯ್ ಗ್ರಿಫಿತ್ಸ್ ಅವರಿಂದ 1988ರಲ್ಲಿ ವರದಿ ಪಡೆಯಿತು. ಆ ವರದಿಯನ್ನು ಆಧರಿಸಿದ 1990ರ ಕಾಯ್ದೆ 1993ರ ಏಪ್ರಿಲ್‌ನಲ್ಲಿ ಪೂರ್ತಿ ಜಾರಿಯಾದಾಗ ಹಣದ ಚೀಲ ಕೌನ್ಸಿಲ್‌ಗಳ ಕೈಗೆ ಬಂತು. ಇಂಗ್ಲೆಂಡಿನಲ್ಲಿ ಅದರ ಜೊತೆ ಒಂದು ಷರತ್ತೂ ಇತ್ತು: ಈ ಹೊಸ ಹಣದ ಶೇ 85ರಷ್ಟನ್ನು ಸರ್ಕಾರೇತರ ಸಂಸ್ಥೆಗಳಲ್ಲೇ ಖರ್ಚು ಮಾಡಬೇಕು.

ಅಲ್ಲಿಂದ ಆರೈಕೆ ಎಂಬುದು ಕೊಳ್ಳುವ, ಮಾರುವ ವಸ್ತುವಾಯಿತು.

ಕೊಳ್ಳುವವರು ಒಬ್ಬರೇ

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ನಮ್ಮಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆ, ಅಪೆಂಡಿಕ್ಸ್ ಆಪರೇಷನ್ ಮಾಡುವ ಸಣ್ಣ ಖಾಸಗಿ ಆಸ್ಪತ್ರೆ. ಅಲ್ಲಿ ಅದು ನರ್ಸ್‌ಗಳ ನಿಗಾ ಹಗಲು ರಾತ್ರಿ ಬೇಕಾದವರು ಕೊನೆಯ ದಿನಗಳನ್ನು ಕಳೆಯುವ ಮನೆ. ಇವನ್ನು ನಡೆಸುವವರಲ್ಲಿ ನೂರಾರು ಹೋಮ್‌ಗಳಿರುವ ದೊಡ್ಡ ಕಂಪನಿಗಳಿವೆ, ಚರ್ಚಿನ ಟ್ರಸ್ಟ್‌ಗಳಿವೆ, ಗಂಡ ಹೆಂಡತಿ ಸೇರಿ ನಡೆಸುವ ಇಪ್ಪತ್ತು ಹಾಸಿಗೆಯ ಮನೆಗಳಿವೆ. ಸರ್ಕಾರದ್ದಲ್ಲ ಎಂಬುದೊಂದೇ ಇವರಿಗೆಲ್ಲ ಸಾಮಾನ್ಯ. ಅದಕ್ಕೇ ‘ಸ್ವತಂತ್ರ’ ಎಂಬ ಹೆಸರು.

ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರ 2017ರಲ್ಲಿ ಕೊಟ್ಟ ವರದಿಯ ಪ್ರಕಾರ ಬ್ರಿಟನ್ನಿನಲ್ಲಿ ವೃದ್ಧರ ಕೇರ್ ಹೋಮ್‌ಗಳು ಸುಮಾರು 11,300, ಅವುಗಳಲ್ಲಿ ಇದ್ದವರು ಸುಮಾರು 4,10,000 ಜನ. ನಡೆಸುವವರ ಸಂಖ್ಯೆ ಸುಮಾರು 5,500. ಅಂದರೆ ಸರಾಸರಿ ತಲೆಗೆ ಎರಡು ಮನೆ. ಎರಡು ಮನೆ ನಡೆಸುವ ಮಾಲಕಿ ಬೆಳಿಗ್ಗೆ ಅಡುಗೆಯವರು ಬಂದಿಲ್ಲವೆಂದರೆ ತಾನೇ ಒಲೆ ಹಚ್ಚಬೇಕು. ಬೆಂಕಿ ಅವಘಡದ ತಾಲೀಮು, ಔಷಧಿಯ ದಾಖಲೆ, ತಪಾಸಣೆಗೆ ಬರುವ ಅಧಿಕಾರಿ, ಸಂಬಳದ ಪಟ್ಟಿ ಎಲ್ಲವೂ ಅವಳ ತಲೆಯ ಮೇಲೆ. ಇಷ್ಟರ ನಡುವೆ ಒಂದು ದಿನ ಕೌನ್ಸಿಲ್‌ನಿಂದ ಪತ್ರ ಬರುತ್ತದೆ: ಮುಂದಿನ ವರ್ಷ ನಾವು ಕೊಡುವ ದರ ಇಷ್ಟು.

ಆ ದರ ಸಾಲದಿದ್ದರೆ ಬೇರೆ ಯಾರಿಗೆ ಮಾರುವುದು? ಊರಿಗೊಂದೇ ಸಕ್ಕರೆ ಕಾರ್ಖಾನೆ ಇದ್ದಾಗ ಕಬ್ಬು ಬೆಳೆದವನ ಪಾಡು ಏನೆಂದು ಮಂಡ್ಯ, ಬೆಳಗಾವಿಯ ರೈತರಿಗೆ ವಿವರಿಸಬೇಕಾಗಿಲ್ಲ. ನಮ್ಮ ಕರಾವಳಿಯ ಅಡಿಕೆ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿಕೊಂಡದ್ದರ ಹಿಂದೆಯೂ ಒಂಟಿ ಬೆಳೆಗಾರನ ಇದೇ ನಿಸ್ಸಹಾಯಕತೆ ಇತ್ತು. ಅಡಿಕೆಯನ್ನಾದರೂ ದರ ಬರುವ ತನಕ ಅಟ್ಟದ ಮೇಲೆ ಇಡಬಹುದು. ಇವತ್ತು ರಾತ್ರಿ ಆರೈಕೆ ಬೇಕಾದ ಜೀವವನ್ನು ನಾಳೆಗೆ ಇಡಲಾಗದು.

ಸಾಲದ ದರದ ಭಾರ ಕೊನೆಗೆ ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ಅದೇ ವರದಿ ತೋರಿಸಿತು. ಒಂದೇ ಹೋಮಿನಲ್ಲಿ, ಒಂದೇ ಬಗೆಯ ಕೋಣೆಗೆ, ಸ್ವಂತ ಹಣ ಕೊಡುವವರು ಕೌನ್ಸಿಲ್ ಕೊಡುವುದಕ್ಕಿಂತ ಸರಾಸರಿ ಶೇ 41ರಷ್ಟು ಹೆಚ್ಚು ಕಟ್ಟುತ್ತಿದ್ದರು. ಸರ್ಕಾರ ಉಳಿಸಿದ ಹಣವನ್ನು ಪಕ್ಕದ ಕೋಣೆಯ ಅಜ್ಜ ತನ್ನ ಮನೆ ಮಾರಿ ತುಂಬುತ್ತಿದ್ದ.

ಸಂಘಗಳು ಹುಟ್ಟಿದ್ದು ಇಂಥ ನೆಲದಲ್ಲಿ. ಇಂಗ್ಲೆಂಡಿನಲ್ಲಿ ಕೇರ್ ಇಂಗ್ಲೆಂಡ್, ಲಾಭಕ್ಕಾಗಿ ನಡೆಸದವರ ನ್ಯಾಷನಲ್ ಕೇರ್ ಫೋರಂ, ಮನೆಗೇ ಹೋಗಿ ಆರೈಕೆ ಮಾಡುವವರ ಹೋಂಕೇರ್ ಅಸೋಸಿಯೇಷನ್, ಸ್ಕಾಟ್ಲೆಂಡಿನಲ್ಲಿ ಸ್ಕಾಟಿಷ್ ಕೇರ್, ವೇಲ್ಸ್‌ನಲ್ಲಿ ಕೇರ್ ಫೋರಂ ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ಇಂಡಿಪೆಂಡೆಂಟ್ ಹೆಲ್ತ್ ಅಂಡ್ ಕೇರ್ ಪ್ರೊವೈಡರ್ಸ್. ಸದಸ್ಯರು ವರ್ಷಕ್ಕಿಷ್ಟು ಚಂದಾ ಕೊಡುತ್ತಾರೆ. ನಿಯಮ ಬದಲಾದಾಗ ಅದರ ಅರ್ಥವೇನೆಂದು ಬಿಡಿಸಿ ಹೇಳುವುದು, ವಕೀಲರ ಸಲಹೆ, ತರಬೇತಿ, ಸರ್ಕಾರದ ಸಮಿತಿಗಳಲ್ಲಿ ಒಂದು ಕುರ್ಚಿ, ಇವೆಲ್ಲ ಸಂಘದ ಕೆಲಸ. ಸ್ಕಾಟ್ಲೆಂಡಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಕೌನ್ಸಿಲ್‌ಗಳ ಒಕ್ಕೂಟ ಒಂದು ಕಡೆ, ಸ್ಕಾಟಿಷ್ ಕೇರ್ ಇನ್ನೊಂದು ಕಡೆ ಕೂತು ಇಡೀ ನಾಡಿಗೆ ಅನ್ವಯಿಸುವ ದರವನ್ನು ಚೌಕಾಸಿ ಮಾಡುತ್ತವೆ. ಎರಡು ಮನೆಯ ಮಾಲಕಿ ಒಬ್ಬಳೇ ಕೌನ್ಸಿಲ್ ಕಚೇರಿಯ ಮೆಟ್ಟಿಲು ಹತ್ತಬೇಕಾಗಿಲ್ಲ.

ಉತ್ತರ ಐರ್ಲೆಂಡಿನ ಸ್ಥಿತಿ ಇನ್ನೂ ಬೇರೆ. ಅಲ್ಲಿ 1973ರಿಂದಲೂ ಆರೋಗ್ಯ ಮತ್ತು ಸಾಮಾಜಿಕ ಆರೈಕೆ ಒಂದೇ ಸೂರಿನಡಿ ಇವೆ. ಕೌನ್ಸಿಲ್‌ಗಳ ಬದಲು ಐದು ಟ್ರಸ್ಟ್‌ಗಳು ಆಸ್ಪತ್ರೆಯನ್ನೂ ನಡೆಸುತ್ತವೆ, ಆರೈಕೆಯನ್ನೂ ಕೊಳ್ಳುತ್ತವೆ. ಕೇಳಲು ಚೆನ್ನಾಗಿದೆ. ಆದರೆ ಒಂದೇ ಚೀಲದಿಂದ ಹಣ ಹೊರಡುವಾಗ ಆಸ್ಪತ್ರೆಯ ತುರ್ತು ವಿಭಾಗದ ಕೂಗು ದೊಡ್ಡದು, ಕೇರ್ ಹೋಮಿನ ನರಳಾಟ ಸಣ್ಣದು. ಅದರ ಮೇಲೆ ಅಲ್ಲಿನ ರಾಜಕೀಯ. ಸ್ಟಾರ್ಮಾಂಟ್‌ನಲ್ಲಿ ಕೂರುವ ಪ್ರಾಂತೀಯ ಸರ್ಕಾರ 2017ರ ಜನವರಿಯಲ್ಲಿ ಬಿದ್ದು ಮೂರು ವರ್ಷ ಏಳಲಿಲ್ಲ. 2022ರಲ್ಲಿ ಮತ್ತೆ ಬಿದ್ದದ್ದು ನೆಟ್ಟಗಾದದ್ದು 2024ರ ಫೆಬ್ರುವರಿಯಲ್ಲಿ. ಅಹವಾಲು ಬರೆದಿಟ್ಟುಕೊಂಡ ಸಂಘಕ್ಕೆ ಅದನ್ನು ಕೊಡಲು ಮಂತ್ರಿಯೇ ಇಲ್ಲದ ವರ್ಷಗಳು ಅವು.

ಲೆಕ್ಕವೇ ಆಯುಧ

ಬಾಗಿಲು ಮುಚ್ಚಲಾಗದವರು ಮೊದಲು ಹಿಡಿದದ್ದು ಲೆಕ್ಕದ ಹಾಳೆಯನ್ನು. 2002ರಲ್ಲಿ ಜೋಸೆಫ್ ರೌಂಟ್ರಿ ಪ್ರತಿಷ್ಠಾನ ವಿಲಿಯಂ ಲೈಂಗ್ ಎಂಬ ತಜ್ಞರಿಂದ ಒಂದು ಲೆಕ್ಕಾಚಾರದ ಮಾದರಿ ಮಾಡಿಸಿ ಪ್ರಕಟಿಸಿತು. ಒಬ್ಬ ವೃದ್ಧರನ್ನು ಒಂದು ವಾರ ಗೌರವದಿಂದ ನೋಡಿಕೊಳ್ಳಲು ಎಷ್ಟು ಗಂಟೆಯ ನರ್ಸ್ ಕೆಲಸ, ಎಷ್ಟು ಗಂಟೆಯ ಸಹಾಯಕಿಯರ ಕೆಲಸ, ಊಟಕ್ಕೆಷ್ಟು, ಬಿಸಿನೀರಿಗೆಷ್ಟು, ಕಟ್ಟಡದ ಸವೆತಕ್ಕೆಷ್ಟು ಎಂದು ಒಂದೊಂದಾಗಿ ಬರೆದು ಕೂಡಿಸುವ ಕ್ರಮ ಅದು. ‘ಸಾಲುವುದಿಲ್ಲ’ ಎಂಬ ಗೋಳಿಗೆ ಅಂಕಿಯ ಆಧಾರ ಸಿಕ್ಕಿತು.

ಹೋಂಕೇರ್ ಅಸೋಸಿಯೇಷನ್ ಇದೇ ದಾರಿಯಲ್ಲಿ ಪ್ರತಿ ವರ್ಷ ಮನೆಯ ಆರೈಕೆಗೆ ಕನಿಷ್ಠ ದರ ಪ್ರಕಟಿಸುತ್ತದೆ. ಇಂಗ್ಲೆಂಡಿಗೆ 2025–26ರಲ್ಲಿ ಅದು ಗಂಟೆಗೆ 32.14 ಪೌಂಡ್. ಅದರೊಳಗೆ ಆರೈಕೆ ಮಾಡುವವಳ ಕೂಲಿ ಮಾತ್ರವಲ್ಲ, ಒಂದು ಮನೆಯಿಂದ ಇನ್ನೊಂದು ಮನೆಗೆ ಮಳೆಯಲ್ಲಿ ಹೋಗುವ ದಾರಿಯ ಸಮಯವೂ ಇದೆ, ಅವಳ ರಜೆ, ಕಾಯಿಲೆ, ಪಿಂಚಣಿ, ತರಬೇತಿಯೂ ಇವೆ. ದಾರಿಯ ಸಮಯಕ್ಕೆ ಕೂಲಿ ಕೊಡದೆ, ಹದಿನೈದು ನಿಮಿಷದಲ್ಲಿ ಒಬ್ಬರನ್ನು ಎಬ್ಬಿಸಿ, ತೊಳೆದು, ತಿನ್ನಿಸಿ ಓಡು ಎನ್ನುವ ವ್ಯವಸ್ಥೆಯ ಎದುರು ಆ ಒಂದು ಅಂಕಿ ನ್ಯಾಯದ ಮಾತನ್ನು ಹೇಳುತ್ತದೆ.

ಲೆಕ್ಕ ಕೇಳದ ಕಡೆ ಸಂಘಗಳು ನ್ಯಾಯಾಲಯಕ್ಕೆ ಹೋದವು. ಲಿವರ್‌ಪೂಲ್ ಪಕ್ಕದ ಸೆಫ್ಟನ್ ಕೌನ್ಸಿಲ್ ಸತತ ಎರಡನೇ ವರ್ಷ ದರ ಏರಿಸದೆ ಕೂತಾಗ ಸ್ಥಳೀಯ ಕೇರ್ ಸಂಘ ಹೈಕೋರ್ಟಿಗೆ ಹೋಯಿತು. ಆರೈಕೆಯ ನಿಜವಾದ ಖರ್ಚೆಷ್ಟೆಂದು ಕೌನ್ಸಿಲ್ ಸರಿಯಾಗಿ ನೋಡಿಲ್ಲ ಎಂದು 2011ರಲ್ಲಿ ನ್ಯಾಯಾಲಯ ಆ ತೀರ್ಮಾನವನ್ನು ರದ್ದು ಮಾಡಿತು. ಅದಕ್ಕೂ ಮೊದಲು, 2010ರಲ್ಲಿ, ವೇಲ್ಸ್‌ನ ಪೆಂಬ್ರೋಕ್‌ಶೈರ್‌ನಲ್ಲೂ ಹೋಮ್‌ಗಳು ಗೆದ್ದಿದ್ದವು. ಎಲ್ಲ ಕಡೆಯೂ ಗೆಲ್ಲಲಿಲ್ಲ. 2013ರಲ್ಲಿ ನಾರ್ತಂಬರ್‌ಲ್ಯಾಂಡ್ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ, ಕೌನ್ಸಿಲ್ ಪೈಸೆ ಪೈಸೆ ಲೆಕ್ಕ ಹಾಕಲೇಬೇಕೆಂಬ ನಿಯಮವಿಲ್ಲ, ಖರ್ಚನ್ನು ಹೇಗೆ ಗಮನಕ್ಕೆ ತಂದುಕೊಳ್ಳಬೇಕೆಂಬುದು ಅದರ ವಿವೇಚನೆಗೆ ಬಿಟ್ಟದ್ದು ಎಂದಿತು. ಆದರೂ ಒಂದು ಅಂಶ ನೆಲೆಯೂರಿತು: ಕೊಟ್ಟಿದ್ದೇ ಪ್ರಸಾದ ಎಂದು ಕಣ್ಣಿಗೊತ್ತಿಕೊಳ್ಳುವ ಕಾಲ ಮುಗಿದಿದೆ, ದರಕ್ಕೊಂದು ಕಾರಣ ಕೊಡಬೇಕು. 2014ರ ಕೇರ್ ಕಾಯ್ದೆ, ಸ್ಥಳೀಯ ಆರೈಕೆ ವ್ಯವಸ್ಥೆ ಬಾಳಿಕೆ ಬರುವಂತೆ ನೋಡಿಕೊಳ್ಳುವುದು ಕೌನ್ಸಿಲ್‌ನ ಕರ್ತವ್ಯ ಎಂದು ಬರೆಯಿತು.

ಬರೆದದ್ದು ನಡೆಯಲೇಬೇಕೆಂದಿಲ್ಲ. ಒಬ್ಬರು ಜೀವನದಲ್ಲಿ ಆರೈಕೆಗೆ ಕೊಡಬೇಕಾದ ಒಟ್ಟು ಹಣಕ್ಕೆ 86,000 ಪೌಂಡ್‌ಗಳ ಮಿತಿ ಹಾಕುವುದಾಗಿ 2021ರಲ್ಲಿ ಸರ್ಕಾರ ಘೋಷಿಸಿತು. ಅದರ ಜೊತೆಗೆ ಪ್ರತಿ ಕೌನ್ಸಿಲ್ ತನ್ನ ಸೀಮೆಯ ಆರೈಕೆಯ ನ್ಯಾಯವಾದ ಖರ್ಚನ್ನು ಲೆಕ್ಕ ಹಾಕಿ 2022ರಲ್ಲಿ ಒಪ್ಪಿಸಬೇಕಾಯಿತು. ಸಾವಿರಾರು ಮಾಲೀಕರು ತಮ್ಮ ಖಾತೆ ಪುಸ್ತಕ ತೆರೆದು ತೋರಿಸಿದರು. ಮಿತಿ 2023ರ ಅಕ್ಟೋಬರಿನಲ್ಲಿ ಬರಬೇಕಿತ್ತು, 2025ಕ್ಕೆ ಹೋಯಿತು, 2024ರ ಜುಲೈಯಲ್ಲಿ ಹೊಸ ಸರ್ಕಾರ ಅದನ್ನು ಕೈಬಿಟ್ಟಿತು. ಲೆಕ್ಕ ಕಪಾಟಿನಲ್ಲಿ ಉಳಿಯಿತು. ಆ ವರ್ಷದ ಅಕ್ಟೋಬರಿನ ಬಜೆಟ್ಟಿನಲ್ಲಿ ಉದ್ಯೋಗದಾತರು ಕಟ್ಟುವ ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ವಿಮೆಯ ಕಂತು ಶೇ 13.8ರಿಂದ 15ಕ್ಕೆ ಏರಿತು. ಅದು ಅನ್ವಯಿಸುವ ವಾರ್ಷಿಕ ಸಂಬಳದ ಮಿತಿ 9,100 ಪೌಂಡ್‌ನಿಂದ 5,000ಕ್ಕೆ ಇಳಿಯಿತು. ಎನ್‌ಎಚ್‌ಎಸ್ ಆಸ್ಪತ್ರೆಗಳಿಗೆ ಈ ಹೊರೆಯನ್ನು ಸರ್ಕಾರವೇ ತುಂಬಿಕೊಟ್ಟಿತು, ಸ್ವತಂತ್ರ ಕೇರ್ ಹೋಮ್‌ಗಳಿಗೆ ಇಲ್ಲ. ಕಡಿಮೆ ಸಂಬಳದ, ಅರೆಕಾಲಿಕ ಹೆಂಗಸರೇ ಹೆಚ್ಚಿರುವ ಕ್ಷೇತ್ರಕ್ಕೆ ಈ ಎರಡನೆಯ ಬದಲಾವಣೆ ಹೆಚ್ಚು ನೋವು ಕೊಟ್ಟಿತು. 2025ರ ಫೆಬ್ರುವರಿ 25ರಂದು ‘ಪ್ರೊವೈಡರ್ಸ್ ಯುನೈಟ್’ ಎಂಬ ಹೆಸರಿನಲ್ಲಿ ಅವರೆಲ್ಲ ವೆಸ್ಟ್‌ಮಿನ್‌ಸ್ಟರ್‌ಗೆ ನಡೆದು ಬಂದದ್ದು ಈ ಕಾರಣಕ್ಕೆ. ಅವರು ಬೀದಿಯಲ್ಲಿದ್ದಾಗಲೂ ಅವರ ಮನೆಗಳಲ್ಲಿ ಮಧ್ಯಾಹ್ನದ ಊಟ ಹೊತ್ತಿಗೆ ಸರಿಯಾಗಿ ಬಡಿಸಲಾಗಿತ್ತು.

ಎಣಿಕೆಗೆ ಬಾರದ ಸಾವುಗಳು

ಸಂಘ ಏಕೆ ಬೇಕು ಎಂಬ ಪ್ರಶ್ನೆಗೆ ನನಗೆ ಅತ್ಯಂತ ಗಟ್ಟಿ ಉತ್ತರ ಸಿಕ್ಕಿದ್ದು 2020ರ ಮಾರ್ಚ್–ಏಪ್ರಿಲ್ ತಿಂಗಳ ಇತಿಹಾಸದಲ್ಲಿ.

ಕೊರೊನಾ ಅಲೆ ಏಳುತ್ತಿತ್ತು. ಮಾರ್ಚ್ 17ರಂದು ಎನ್‌ಎಚ್‌ಎಸ್ ತನ್ನ ಆಸ್ಪತ್ರೆಗಳಿಗೆ ಪತ್ರ ಬರೆದು, ಬಿಡುಗಡೆ ಮಾಡಬಹುದಾದ ರೋಗಿಗಳನ್ನೆಲ್ಲ ಬೇಗ ಕಳುಹಿಸಿ ಹಾಸಿಗೆ ತೆರವು ಮಾಡಿ ಎಂದಿತು. ಅಂದಿನಿಂದ ಏಪ್ರಿಲ್ 15ರವರೆಗೆ ಇಂಗ್ಲೆಂಡಿನ ಆಸ್ಪತ್ರೆಗಳಿಂದ ಸುಮಾರು 25,000 ಜನರು ಕೇರ್ ಹೋಮ್‌ಗಳಿಗೆ ಬಂದರು ಎಂದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಹೇಳಿದೆ. ಬರುವ ಮೊದಲು ಎಲ್ಲರಿಗೂ ಪರೀಕ್ಷೆ ಎಂಬ ನಿಯಮ ಬಂದದ್ದು ಏಪ್ರಿಲ್ 15ರಂದು, ಅಂದರೆ ಅವರೆಲ್ಲ ಬಂದು ಸೇರಿದ ಮೇಲೆ. ಹೋಮಿನ ಸಿಬ್ಬಂದಿಗೆ ಮುಖಗವಸು ಸಿಗುತ್ತಿರಲಿಲ್ಲ, ಕೈಗವಸು ಸಿಗುತ್ತಿರಲಿಲ್ಲ.

ಅದಕ್ಕಿಂತ ಕ್ರೂರವಾದ ಸಂಗತಿ ಇನ್ನೊಂದಿತ್ತು. ಪ್ರತಿ ಸಂಜೆ ಟಿ.ವಿ.ಯಲ್ಲಿ ಓದುತ್ತಿದ್ದ ಸಾವಿನ ಸಂಖ್ಯೆ ಆಸ್ಪತ್ರೆಯಲ್ಲಿ ಸತ್ತವರದ್ದು. ಕೇರ್ ಹೋಮಿನಲ್ಲಿ ಕಣ್ಣು ಮುಚ್ಚಿದವರು ಆ ಲೆಕ್ಕದಲ್ಲಿ ಇರಲಿಲ್ಲ. ಏಪ್ರಿಲ್ ಮಧ್ಯದಲ್ಲಿ ಕೇರ್ ಇಂಗ್ಲೆಂಡ್ ಒಂಟಿಯಾಗಿ ಹೋಗದೆ, ವೃದ್ಧರ ಪರ ದುಡಿಯುವ ಏಜ್ ಯುಕೆ, ಇಂಡಿಪೆಂಡೆಂಟ್ ಏಜ್, ಮರೆವಿನ ಕಾಯಿಲೆಯವರ ಆಲ್‌ಝೈಮರ್ಸ್ ಸೊಸೈಟಿ, ಕೊನೆಗಾಲದ ಆರೈಕೆಯ ಮೇರಿ ಕ್ಯೂರಿ ಸಂಸ್ಥೆಗಳ ಜೊತೆ ಸೇರಿ ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ ಬರೆಯಿತು. ನಮಗೆ ರಕ್ಷಣಾ ಸಾಮಗ್ರಿ ಕೊಡಿ, ಪರೀಕ್ಷೆ ಕೊಡಿ, ನಮ್ಮಲ್ಲಿ ಸತ್ತವರನ್ನೂ ಎಣಿಸಿ ಎಂಬುದು ಅದರ ಸಾರ. ಏಪ್ರಿಲ್ 29ರಿಂದ ದಿನದ ಲೆಕ್ಕಕ್ಕೆ ಕೇರ್ ಹೋಮಿನ ಸಾವುಗಳೂ ಸೇರಿದವು. 2020ರ ಏಪ್ರಿಲ್ 10ರಿಂದ 2021ರ ಮಾರ್ಚ್ ಕೊನೆಯವರೆಗೆ ಇಂಗ್ಲೆಂಡಿನ ಕೇರ್ ಹೋಮ್‌ಗಳು ವರದಿ ಮಾಡಿದ ಕೊರೊನಾ ಸಾವುಗಳು 39,000 ದಾಟಿದವು ಎಂದು ನಿಯಂತ್ರಣ ಸಂಸ್ಥೆಯಾದ ಕೇರ್ ಕ್ವಾಲಿಟಿ ಕಮಿಷನ್ ಬಳಿಕ ಪ್ರಕಟಿಸಿತು. ತಮ್ಮ ತಂದೆಯರನ್ನು ಕಳೆದುಕೊಂಡ ಇಬ್ಬರು ಹೆಣ್ಣುಮಕ್ಕಳು ಹಾಕಿದ ದಾವೆಯಲ್ಲಿ, ರೋಗಲಕ್ಷಣವಿಲ್ಲದವರಿಂದಲೂ ಸೋಂಕು ಹರಡಬಹುದೆಂಬ ಅಪಾಯವನ್ನು ಗಣನೆಗೆ ತೆಗೆದುಕೊಳ್ಳದ ಆ ಬಿಡುಗಡೆ ನೀತಿ ಕಾನೂನುಬಾಹಿರ ಎಂದು 2022ರ ಏಪ್ರಿಲ್‌ನಲ್ಲಿ ಹೈಕೋರ್ಟು ಹೇಳಿತು.

ಆ ಪತ್ರಕ್ಕೆ ಬಲ ಬಂದದ್ದು ಎಲ್ಲಿಂದ ಎಂದು ಯೋಚಿಸಿದ್ದೇನೆ. ಮಾಲೀಕರ ಸಂಘವೊಂದೇ ಕೇಳಿದ್ದರೆ ಅದು ವ್ಯಾಪಾರಿಗಳ ಬೇಡಿಕೆ ಅನ್ನಿಸಿಕೊಳ್ಳುತ್ತಿತ್ತು. ಆರೈಕೆ ಮಾಡುವವರೂ ಆರೈಕೆ ಪಡೆಯುವವರ ಪರ ನಿಂತವರೂ ಒಂದೇ ಹಾಳೆಗೆ ಸಹಿ ಹಾಕಿದ್ದರಿಂದ ಸರ್ಕಾರ ಅದನ್ನು ಪಕ್ಕಕ್ಕೆ ಸರಿಸಲಾಗಲಿಲ್ಲ.

ದೂರದಿಂದ ಬಂದ ಕೈಗಳು

ಕೊರೊನಾ ಇಳಿದ ಮೇಲೆ ಕೈಗಳ ಬರ ಬಂತು. 2021–22ರಲ್ಲಿ ಇಂಗ್ಲೆಂಡಿನ ಸಾಮಾಜಿಕ ಆರೈಕೆಯಲ್ಲಿ ಸುಮಾರು 1,65,000 ಹುದ್ದೆಗಳು ಖಾಲಿ ಇದ್ದವು. ಹೊರದೇಶದಿಂದ ಜನ ಕರೆಸಲು ಬಿಡಿ ಎಂದು ಸಂಘಗಳು ಒತ್ತಾಯಿಸಿದವು. 2022ರ ಫೆಬ್ರುವರಿಯಲ್ಲಿ ಆರೈಕೆ ಸಹಾಯಕರಿಗೂ ವೀಸಾ ತೆರೆಯಿತು. ಭಾರತ, ನೈಜೀರಿಯ, ಜಿಂಬಾಬ್ವೆಗಳಿಂದ ಜನ ಹೊರಟರು. ಕೇರಳದವರ ಜೊತೆ ನಮ್ಮ ಕರಾವಳಿಯ, ಬೆಂಗಳೂರಿನ ಮಕ್ಕಳೂ ಇದ್ದರು.

ಈ ಅಧ್ಯಾಯದಲ್ಲಿ ಸಂಘಗಳು ಹೆಮ್ಮೆ ಪಡುವಂಥದ್ದು ಎಷ್ಟಿದೆಯೋ ಉತ್ತರ ಕೊಡಬೇಕಾದದ್ದೂ ಅಷ್ಟೇ ಇದೆ. ಬಂದವರ ವೀಸಾ ಒಬ್ಬ ಉದ್ಯೋಗದಾತನಿಗೆ ಕಟ್ಟಿಹಾಕಿದ್ದು. ಊರಿನಲ್ಲಿ ಒಡವೆ ಅಡವಿಟ್ಟು, ಜಮೀನಿನ ಮೇಲೆ ಸಾಲ ತೆಗೆದು ಏಜೆಂಟರಿಗೆ ಲಕ್ಷಗಟ್ಟಲೆ ಕೊಟ್ಟು ಹೋದವರಲ್ಲಿ ಕೆಲವರಿಗೆ ಅಲ್ಲಿ ಇಳಿದಾಗ ಕೆಲಸವೇ ಇರಲಿಲ್ಲ. 2022ರ ಜುಲೈಯಿಂದ 2024ರ ಡಿಸೆಂಬರ್‌ವರೆಗೆ ಹೊರದೇಶದವರನ್ನು ಕರೆಸಿಕೊಳ್ಳಲು 470ಕ್ಕೂ ಹೆಚ್ಚು ಆರೈಕೆ ಸಂಸ್ಥೆಗಳಿಗಿದ್ದ ಪರವಾನಗಿಯನ್ನು ಬ್ರಿಟಿಷ್ ಸರ್ಕಾರ ರದ್ದು ಮಾಡಿತು. ಆ ಸಂಸ್ಥೆಗಳನ್ನು ನಂಬಿದ್ದ ಕಾರ್ಮಿಕರು 39,000ಕ್ಕೂ ಹೆಚ್ಚು. 2024ರ ಮಾರ್ಚ್‌ನಿಂದ ಆರೈಕೆ ಸಹಾಯಕರು ಗಂಡ, ಹೆಂಡತಿ, ಮಕ್ಕಳನ್ನು ಕರೆದೊಯ್ಯುವಂತಿಲ್ಲ. 2025ರ ಜುಲೈ 22ರಿಂದ ಹೊರದೇಶದಿಂದ ಹೊಸದಾಗಿ ನೇಮಿಸಿಕೊಳ್ಳುವ ಬಾಗಿಲೇ ಮುಚ್ಚಿತು. ಯಾರದೋ ತಾಯಿಯನ್ನು ನೋಡಿಕೊಳ್ಳಲು ಹೋದವಳಿಗೆ ತನ್ನ ಮಗುವನ್ನು ಹತ್ತಿರ ಇಟ್ಟುಕೊಳ್ಳುವ ಹಕ್ಕಿಲ್ಲ. ವೀಸಾ ಕೊಡಿ ಎಂದು ಕೂಗಿದಷ್ಟೇ ಜೋರಾಗಿ, ಬಂದವರನ್ನು ಸುಲಿದ ಸಂಸ್ಥೆಗಳ ವಿರುದ್ಧವೂ ಮಾಲೀಕರ ಸಂಘಗಳು ಕೂಗಬೇಕು. ಒಬ್ಬ ನರ್ಸಿನ ಚಿಕ್ಕಮ್ಮನಾಗಿ ಇದನ್ನು ಬಿಟ್ಟು ಮುಂದೆ ಹೋಗಲು ನನ್ನಿಂದಾಗದು.

ಯಾರ ಪರವಾಗಿ ಮಾತು

ಸದಸ್ಯರ ಹಣದಿಂದ ನಡೆಯುವ ಸಂಘ ಸದಸ್ಯರ ಪರ ಮಾತನಾಡುವುದು ಸಹಜ. ಆದರೆ ಈ ಸದಸ್ಯರ ಕೈಯಲ್ಲಿರುವುದು ಮಾತು ನಿಂತುಹೋದವರ, ಎದ್ದು ಓಡಲಾಗದವರ ಬದುಕು.

2011ರಲ್ಲಿ ನಡೆದ ಎರಡು ಘಟನೆಗಳನ್ನು ಆ ದೇಶ ಮರೆತಿಲ್ಲ. ಸದರ್ನ್ ಕ್ರಾಸ್ ಎಂಬ ಕಂಪನಿಯ ಕೈಯಲ್ಲಿ ಸುಮಾರು 750 ಹೋಮ್‌ಗಳಿದ್ದವು, 31,000 ವೃದ್ಧರಿದ್ದರು. ಕಟ್ಟಡಗಳನ್ನು ಮಾರಿ, ಅವನ್ನೇ ಬಾಡಿಗೆಗೆ ಪಡೆದು, ಬಂದ ಹಣದಲ್ಲಿ ಇನ್ನಷ್ಟು ಬೆಳೆಯುವ ಲೆಕ್ಕ ಅದರದ್ದು. ಬಾಡಿಗೆ ಏರುತ್ತ ಹೋಯಿತು, ಕೌನ್ಸಿಲ್‌ಗಳು ಕಳುಹಿಸುವವರು ಕಡಿಮೆಯಾದರು, ಕಂಪನಿ ಕುಸಿಯಿತು. ತಾವು ಮಲಗಿದ್ದ ಮಂಚ ನಾಳೆ ಯಾರದ್ದೆಂದು ಆ ವೃದ್ಧರಿಗೆ ತಿಳಿಯದಾಯಿತು. ಅದೇ ವರ್ಷದ ಮೇ 31ರಂದು ಬಿಬಿಸಿಯ ಪನೋರಮ ಕಾರ್ಯಕ್ರಮ ಬ್ರಿಸ್ಟಲ್ ಬಳಿಯ ವಿಂಟರ್‌ಬೋರ್ನ್ ವ್ಯೂ ಎಂಬ ಖಾಸಗಿ ಆಸ್ಪತ್ರೆಯಲ್ಲಿ ಬುದ್ಧಿ ಬೆಳವಣಿಗೆ ಕುಂಠಿತವಾದವರ ಮೇಲೆ ನಡೆಯುತ್ತಿದ್ದ ಹಿಂಸೆಯನ್ನು ಗುಪ್ತ ಕ್ಯಾಮೆರಾದಲ್ಲಿ ಹಿಡಿದು ತೋರಿಸಿತು. ಅಲ್ಲಿ ಕೆಲಸ ಮಾಡಿದ್ದ ನರ್ಸ್ ಒಬ್ಬರು ಅದಕ್ಕೂ ಮೊದಲೇ ದೂರು ಕೊಟ್ಟಿದ್ದರು, ಕೇಳಿದವರಿರಲಿಲ್ಲ. 11 ಜನರ ಮೇಲೆ ಅಪರಾಧ ಸಾಬೀತಾಗಿ, ಆರು ಜನ ಜೈಲಿಗೆ ಹೋದರು. ಉತ್ತರ ಐರ್ಲೆಂಡಿನಲ್ಲೂ ಡನ್‌ಮರಿ ಮೇನರ್ ಎಂಬ ಹೋಮಿನ ಲೋಪಗಳ ಬಗ್ಗೆ ವೃದ್ಧರ ಆಯುಕ್ತರು 2018ರಲ್ಲಿ ‘ಹೋಮ್ ಟ್ರೂತ್ಸ್’ ಎಂಬ ವರದಿ ಕೊಟ್ಟರು. ಅದರಲ್ಲಿ 59 ಶಿಫಾರಸುಗಳಿದ್ದವು.

ಇಂಥ ಹೊತ್ತಿನಲ್ಲಿ ‘ಎಲ್ಲೋ ಒಂದು ಕೆಟ್ಟ ಸಂಸ್ಥೆ, ಉಳಿದವರು ಒಳ್ಳೆಯವರು’ ಎಂದುಬಿಡುವುದು ಸಂಘಕ್ಕೆ ಸುಲಭ. ಹಾಗೆಂದ ದಿನ ಅದರ ಲೆಕ್ಕದ ಹಾಳೆಯನ್ನು ಯಾರೂ ನಂಬುವುದಿಲ್ಲ. ದರ ಸಾಲದು ಎಂದು ಕೇಳುವವನು, ಕೊಟ್ಟ ದರ ರೋಗಿಯ ತಟ್ಟೆಗೆ, ನರ್ಸಿನ ಸಂಬಳಕ್ಕೆ ಎಷ್ಟು ತಲುಪಿತೆಂದು ತೋರಿಸಲೂ ಸಿದ್ಧನಿರಬೇಕು.

ನಮ್ಮ ಅಂಗಳಕ್ಕೆ

ಇಂಥ ಸಂಘಟನೆ ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. 1920ರಲ್ಲಿ ಆಸ್ಟ್ರೇಲಿಯದಿಂದ ಗುಂಟೂರಿಗೆ ಬಂದ ಡಾಕ್ಟರ್ ಮೇರಿ ಗ್ಲೋರಿ ಸನ್ಯಾಸಿನಿಯಾಗಿ, ಹೆಂಗಸರ, ಮಕ್ಕಳ ಚಿಕಿತ್ಸೆಯಲ್ಲಿ ಬಾಳು ಸವೆಸಿದವರು. ದೇಶದಲ್ಲಿ ಚದುರಿದ್ದ ಕ್ಯಾಥೊಲಿಕ್ ಆಸ್ಪತ್ರೆಗಳನ್ನು ಒಂದುಗೂಡಿಸುವ ಸಂಘವನ್ನು ಅವರು 1943ರಲ್ಲಿ ಕಟ್ಟಿದರು. ಇವತ್ತಿನ ಕ್ಯಾಥೊಲಿಕ್ ಹೆಲ್ತ್ ಅಸೋಸಿಯೇಷನ್ ಆಫ್ ಇಂಡಿಯಾ ಅದೇ. ಇಂಥ ಆಸ್ಪತ್ರೆಗಳಿಗೆ ಸೇವಾಭಾವದ ವೈದ್ಯರನ್ನು ತಯಾರು ಮಾಡುವ ಕಾಲೇಜು ಬೇಕೆಂಬುದು ಅವರ ಕನಸಾಗಿತ್ತು. 1957ರಲ್ಲಿ ಅವರು ಕೊನೆಯುಸಿರೆಳೆದದ್ದು ಬೆಂಗಳೂರಿನಲ್ಲಿ. ಆರು ವರ್ಷದ ಮೇಲೆ, 1963ರಲ್ಲಿ, ಅದೇ ಊರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಶುರುವಾಯಿತು. ದರಕ್ಕಾಗಿ ಹೋರಾಡುವುದಷ್ಟೇ ಸಂಘದ ಕೆಲಸವಲ್ಲ, ಮುಂದಿನ ತಲೆಮಾರಿನ ಕೈಗಳನ್ನು ಬೆಳೆಸುವುದೂ ಅದರದ್ದೇ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ.

ನಮ್ಮಲ್ಲಿ ಈಗ ಮಕ್ಕಳು ದೂರದಲ್ಲಿದ್ದು ತಂದೆ ತಾಯಿ ಒಂಟಿಯಾಗಿರುವ ಮನೆಗಳು ಬೀದಿಗೊಂದರಂತೆ ಇವೆ. ಏಜೆನ್ಸಿಯಿಂದ ಬರುವ ಹೋಂ ನರ್ಸ್ ಕಲಿತವಳೋ ಅಲ್ಲವೋ ಕೇಳುವವರಿಲ್ಲ. ಅವಳಿಗೆ ರಾತ್ರಿ ಮಲಗಲು ಜಾಗ ಇದೆಯೋ, ವಾರಕ್ಕೊಂದು ರಜೆ ಇದೆಯೋ ಎಂದೂ ಕೇಳುವವರಿಲ್ಲ. ಪ್ರತಿ ಜಿಲ್ಲೆಯಲ್ಲಿ ಬಡ ವೃದ್ಧರಿಗೊಂದು ಆಶ್ರಮವಿರಬೇಕೆಂಬ ಆಶಯವನ್ನು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಬರೆದಿಟ್ಟಿದೆ. ವೃದ್ಧಾಶ್ರಮ ನಡೆಸುವವರು, ಮನೆ ಆರೈಕೆಯವರು, ಕೊನೆಗಾಲದ ನೋವು ಶಮನದ ಕೇಂದ್ರಗಳವರು ನಾಳೆ ಒಟ್ಟಾಗಿ ಕೂರಬೇಕು, ಕೂರುತ್ತಾರೆ. ಅಂದು ಅವರು ಬ್ರಿಟನ್ನಿನವರಿಂದ ಎರಡು ಸಂಗತಿ ಪಡೆದರೆ ಸಾಕು. ಒಂದು, ಒಬ್ಬ ಜೀವವನ್ನು ಒಂದು ದಿನ ಮರ್ಯಾದೆಯಿಂದ ನೋಡಿಕೊಳ್ಳಲು ಎಷ್ಟು ಬೇಕೆಂಬ ಪ್ರಾಮಾಣಿಕ ಲೆಕ್ಕ. ಎರಡು, ಆ ಲೆಕ್ಕದ ಕೆಳಗೆ ವೃದ್ಧರ ಪರ ನಿಂತವರ ಸಹಿ, ಆರೈಕೆ ಮಾಡುವ ಹೆಣ್ಣುಮಕ್ಕಳ ಸಹಿ.

ಮೊನ್ನೆ ಇದನ್ನೆಲ್ಲ ಅಕ್ಕನ ಮಗಳಿಗೆ ಓದಿ ಹೇಳಿದೆ. ಅಲ್ಲಿ ರಾತ್ರಿ ಮೂರು ಗಂಟೆ. ಸುಮ್ಮನೆ ಕೇಳಿದಳು. ‘ಸಂಘದವರಿಗೆ ನೀನು ಏನಾದರೂ ಹೇಳೋದಿದ್ರೆ ಏನು ಹೇಳ್ತಿ?’ ಎಂದೆ. ‘ರಾತ್ರಿ ಪಾಳಿಗೆ ಇನ್ನೊಬ್ಬಳನ್ನು ಕೊಡ್ಲಿಕ್ಕೆ ಹೇಳಿ ಚಿಕ್ಕಮ್ಮ. ಒಬ್ಬರನ್ನು ನೋಡುವಾಗ ಇನ್ನೊಬ್ಬರು ಕಾಯ್ಬೇಕಾಗ್ತದೆ...’ ಅನ್ನುವಷ್ಟರಲ್ಲಿ ಹಿಂದಿನಿಂದ ಕರೆಗಂಟೆಯ ಸದ್ದು ಕೇಳಿಸಿತು. ‘ಗಂಟೆ ಆಯ್ತು, ಇಡ್ತೇನೆ’ ಎಂದಳು. ಫೋನ್ ಕಡಿಯುವ ಮೊದಲೇ ಅವಳ ಹೆಜ್ಜೆಗಳು ಓಡಿದ್ದು ಕೇಳಿತು.